ಜಲ್ಲಿಗೆ ಕುಡಿಸಿದ ನೀರು

ಹಲಸೂರಿನ ಬೈಲಪ್ಪ ಮೇಸ್ತ್ರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕಲೆಸಿದ ಕಾಂಕ್ರೀಟನ್ನು ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಂಡೆ ಕಟ್ಟಿ, ಬೆರಳು ಸಡಿಲಿಸಿ ನೋಡಿದನೆಂದರೆ ಅದರಲ್ಲಿ ನೀರು ಹೆಚ್ಚೋ ಕಡಿಮೆಯೋ ಹೇಳಿಬಿಡುತ್ತಿದ್ದ. ಉಂಡೆ ನಿಂತರೆ ಸರಿ, ಕುಸಿದರೆ ಹೆಚ್ಚು, ಬಿರಿದರೆ ಕಡಿಮೆ. ದಂಡಿನ, ಎಂದರೆ ಕಂಟೋನ್ಮೆಂಟಿನ ಕಡೆಯ ಕಂಟ್ರಾಕ್ಟರುಗಳು ಬೈಲಪ್ಪನ ಕೈ ಹೇಳಿದ ಮೇಲೆ ಮುಗಿಯಿತು ಅನ್ನುತ್ತಿದ್ದರು. ಇಂಥವನು ನೀರಿನ ವಿಷಯದಲ್ಲಿ ಕೈತಪ್ಪಿದ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಬೇಕಾಗಿಯೂ ಇಲ್ಲ. ಅವನ ಕೈ ತಪ್ಪಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಮಾಡಿದ.

ಅವನ ಅಪ್ಪ ಸುಣ್ಣದ ಗಾರೆಯ ಕಾಲದವನು. ಕಂಟೋನ್ಮೆಂಟಿನ ಎಷ್ಟೋ ಬಂಗಲೆಗಳ ತಾರಸಿಗೆ ಗಾರೆ ಕುಟ್ಟಿದವನು. ಮಗನಿಗೆ ಅವನು ಕಲಿಸಿದ ಮೊದಲ ಪಾಠ, ಬೆಳಿಗ್ಗೆ ಕೆಲಸದ ಜಾಗಕ್ಕೆ ಕಾಲಿಟ್ಟೊಡನೆ ಜಲ್ಲಿಗೆ ನೀರು ಕುಡಿಸು ಎಂಬುದು. ಇಟ್ಟಿಗೆ ಜಲ್ಲಿ ಬಾಯಾರಿಕೊಂಡಿದ್ದರೆ ಗಾರೆಯ ನೀರನ್ನೆಲ್ಲ ತಾನೇ ಹೀರಿಬಿಡುತ್ತದೆ, ತಾರಸಿ ನಾಳೆಗೆ ಪುಡಿ. ಆಮೇಲೆ ಸಿಮೆಂಟು ಬಂತು, ಇಟ್ಟಿಗೆ ಜಲ್ಲಿಯ ಜಾಗಕ್ಕೆ ಕಗ್ಗಲ್ಲಿನ ಜಲ್ಲಿ ಬಂತು. ಕಗ್ಗಲ್ಲು ನೀರು ಕುಡಿಯುವ ಪೈಕಿ ಅಲ್ಲ. ಸುರಿದರೆ ಮೈ ಒದ್ದೆ ಮಾಡಿಕೊಂಡು ಕೂತಿರುತ್ತದೆ, ಅಷ್ಟೇ. ಆದರೂ ಬೈಲಪ್ಪನ ಆಳುಗಳು ದೂಳು ಹೋಗಲೆಂದು ಒಂದೆರಡು ಕೊಡ ಚಿಮುಕಿಸುವುದನ್ನು ಬಿಟ್ಟಿರಲಿಲ್ಲ. ಹಿರಿಯರ ಪದ್ಧತಿ, ಇರಲಿ ಎಂದು ಅವನೂ ಸುಮ್ಮನಿದ್ದ. ಮುಂದೆ ಅವನು ಅವಿತುಕೊಂಡದ್ದು ಈ ಪದ್ಧತಿಯ ಹಿಂದೆಯೇ.

ಅದು ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆ. ಯುದ್ಧ ಜೋರಾಗಿತ್ತು. ದಂಡಿನ ಪೂರ್ವಕ್ಕೆ, ಕೃಷ್ಣರಾಜಪುರದ ದಾರಿಯಲ್ಲಿ, ಸೈನ್ಯದ ಸಾಮಾನಿಗೆಂದು ಸಾಲು ಸಾಲು ಉಗ್ರಾಣ ಕಟ್ಟಬೇಕಾಗಿತ್ತು. ಕಂಟ್ರಾಕ್ಟು ಹಿಡಿದವರು ಬ್ಲಾಕ್‌ಪಲ್ಲಿಯ ಚಾಂದ್ ಪಾಷಾ. ಈಗ ನಾವು ಶಿವಾಜಿನಗರ ಅನ್ನುವುದನ್ನು ಆಗ ಬ್ಲಾಕ್‌ಪಲ್ಲಿ ಅನ್ನುತ್ತಿದ್ದರು. ಉಗ್ರಾಣದ ನೆಲಕ್ಕೆಲ್ಲ ಕಾಂಕ್ರೀಟು, ಅದನ್ನು ಕಲೆಸಲು ಬೈಲಪ್ಪನ ಕೈಕೆಳಗೆ ನಲವತ್ತು ಹೆಂಗಸರು. ಕೆಲವರು ಹಲಸೂರಿನವರು, ಕೆಲವರು ಗರುಡಾಚಾರ್‌ಪಾಳ್ಯದಿಂದ ಹೊತ್ತು ಹುಟ್ಟುವ ಮೊದಲೇ ಹೊರಟು ನಡೆದು ಬರುವವರು. ಅವರ ಮುಂದಾಳು ಅಕ್ಕಯಮ್ಮ, ಮಾತಿನಲ್ಲೂ ಸಲಿಕೆಯಲ್ಲೂ ಯಾರಿಗೂ ಬಗ್ಗದ ಹೆಂಗಸು. ನೆಲಕ್ಕೆ ತಗಡು ಹಾಸಿ, ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಸುರಿದು, ನೀರಿಲ್ಲದೆ ಮೂರು ಸಲ ಮಗುಚಿ, ನೀರು ಹಾಕಿ ಮತ್ತೆ ಮೂರು ಸಲ ಮಗುಚುವುದು. ಬೆನ್ನು ಮುರಿಯುವ ಕೆಲಸ, ಆದರೆ ನಲವತ್ತು ಮನೆಯ ಒಲೆ ಅದರಿಂದ ಉರಿಯುತ್ತಿತ್ತು.

ಅಷ್ಟರಲ್ಲಿ ಸೈನ್ಯದ ಎಂಜಿನಿಯರ್ ಸಾಹೇಬನಿಗೆ ಕೈಯಿಂದ ಕಲೆಸುವುದು ತಡವೆನಿಸಿತು. ಎರಡು ಬಗೆಯ ಕಲೆಸುವ ಮಷೀನುಗಳನ್ನು ತರಿಸಿ ಪಕ್ಕಪಕ್ಕ ನಿಲ್ಲಿಸಿದ. ಮೊದಲನೆಯದು ಸಣ್ಣದು. ದೊಡ್ಡ ಹೊಟ್ಟೆಯ ಡ್ರಮ್ಮು, ಬಾಂಡ್ಲಿಯಿಂದ ಅದರ ಬಾಯಿಗೆ ಸುರಿಯಬೇಕು, ಬಕೆಟ್ಟಿನಿಂದ ನೀರು ಹಾಕಬೇಕು, ಆದಮೇಲೆ ಚಕ್ರ ತಿರುಗಿಸಿ ಡ್ರಮ್ಮನ್ನು ವಾಲಿಸಿ ಹೊರಕ್ಕೆ ಸುರಿಯಬೇಕು. ಹೆಂಗಸರು ಅದಕ್ಕೆ ಬಸುರಿ ಎಂದು ಹೆಸರಿಟ್ಟರು. ಎರಡನೆಯದು ಭಾರಿ. ನೆಲದಲ್ಲಿರುವ ತೊಟ್ಟಿಗೆ ಸಾಮಾನು ತುಂಬಿದರೆ ತಂತಿಹಗ್ಗ ಅದನ್ನು ತಾನೇ ಮೇಲಕ್ಕೆಳೆದು ಡ್ರಮ್ಮಿಗೆ ಸುರಿಯುತ್ತಿತ್ತು. ತಲೆಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿಗೆ ಗಾಜಿನ ಕೊಳವೆ. ಇಷ್ಟು ನೀರು ಎಂದು ಗುರುತು ಇಟ್ಟರೆ ಅಷ್ಟೇ ಬೀಳಬೇಕು, ಒಂದು ಲೋಟ ಹೆಚ್ಚಿಲ್ಲ ಕಡಿಮೆಯಿಲ್ಲ. ಟೋಪಿ ಹಾಕಿಕೊಂಡು ನಿಂತಂತಿದ್ದ ಅದು ದೊರೆಸಾನಿ.

ದೊರೆಸಾನಿಯನ್ನು ನಡೆಸುವವನು ಮುನಾವರ್. ಇಪ್ಪತ್ತನಾಲ್ಕರ ಪ್ರಾಯ, ಮೋಟಾರು ರಿಪೇರಿ ಕಲಿತವನು. ಅವನ ತಾಯಿ ಇಮಾಮ್ ಬೀ ಬ್ಲಾಕ್‌ಪಲ್ಲಿಯ ಗಲ್ಲಿಯೊಂದರಲ್ಲಿ ಮನೆಯ ಬಾಗಿಲಲ್ಲೇ ಕೂತು ಕಮರ್ಷಿಯಲ್ ಸ್ಟ್ರೀಟಿನ ದರ್ಜಿಗಳಿಗೆ ಕೋಟಿನ ಗುಂಡಿ ಹೊಲಿದುಕೊಡುತ್ತಿದ್ದಳು. ಹೋಗಿಬರುವವರಿಗೆಲ್ಲ, ನನ್ನ ಮಗ ದಂಡಿನವರ ಮಷೀನು ನಡೆಸ್ತಾನೆ ಎಂದು ಹೇಳದೆ ಬಿಡುತ್ತಿರಲಿಲ್ಲ. ಮುನಾವರ್ ಬೆಳಿಗ್ಗೆ ಎದ್ದು ಆ ಗಾಜಿನ ಕೊಳವೆಯನ್ನು ಉಸಿರು ಊದಿ ಒರೆಸುತ್ತಿದ್ದುದನ್ನು ನೋಡಿ ಅಕ್ಕಯಮ್ಮ, "ಹೆಂಡ್ರನ್ನೂ ಹಿಂಗೇ ನೋಡ್ಕೊಳ್ತೀಯೇನೋ?" ಎಂದು ಕಾಲೆಳೆಯುತ್ತಿದ್ದಳು. ಅವನು ನಾಚಿಕೊಳ್ಳುತ್ತಿದ್ದ. ಬೈಲಪ್ಪನಿಗೆ ಆ ಹುಡುಗ ಇಷ್ಟವಾಗಿದ್ದ. ಅದನ್ನೂ ಹೇಳಿಬಿಡಬೇಕು.

ಪರೀಕ್ಷೆ ಹೀಗೆ: ಬಸುರಿ, ದೊರೆಸಾನಿ, ಹೆಂಗಸರ ಕೈ, ಮೂರರಿಂದಲೂ ಒಂದೇ ದಿನ ಒಂದೇ ಗುಡ್ಡೆಯ ಸಾಮಾನು ಕಲೆಸಿ, ಆರಂಗುಲದ ಕಬ್ಬಿಣದ ಅಚ್ಚುಗಳಿಗೆ ತುಂಬಿ, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಆಮೇಲೆ ಒತ್ತಿ ಒಡೆಯುವುದು. ಯಾವುದು ಹೆಚ್ಚು ಭಾರ ತಾಳುತ್ತದೋ ಅದಕ್ಕೆ ಕೆಲಸ. ಚಾಂದ್ ಪಾಷಾ ಬೈಲಪ್ಪನನ್ನು ಪಕ್ಕಕ್ಕೆ ಕರೆದು, "ದೊರೆಸಾನಿ ಗೆದ್ರೆ ನಿನ್ನ ಆಳು ಎಂಟು ಜನ ಸಾಕು ಮೇಸ್ತ್ರಿ. ಮಿಕ್ಕವರಿಗೆ ಹೇಳಿಟ್ಟಿರು" ಎಂದರು.

ಬೈಲಪ್ಪ ಹೇಳಲಿಲ್ಲ. ಹೇಗೆ ಹೇಳುತ್ತಾನೆ? ನಲವತ್ತರಲ್ಲಿ ಎಂಟನ್ನು ಆರಿಸುವುದೆಂದರೆ ಮೂವತ್ತೆರಡು ಬಾಯಿಗೆ ಮಣ್ಣು ಹಾಕುವುದು. ದೊರೆಸಾನಿಯ ಮುಂದೆ ನಿಂತು ಅದನ್ನು ಬಹಳ ಹೊತ್ತು ನೋಡಿದ. ಅದರ ಹೆಚ್ಚುಗಾರಿಕೆಯೇ ಅದರ ದೋಷವೆಂದು ಅವನಿಗೆ ಹೊಳೆದದ್ದು ಆಗ. ಅಕ್ಕಯಮ್ಮನ ಕಣ್ಣು ಸಾಮಾನು ಎಷ್ಟು ಒದ್ದೆಯಿದೆ ಎಂದು ನೋಡಿ ನೀರು ಹಾಕುತ್ತದೆ. ಬಸುರಿಗೆ ಬಕೆಟ್ಟು ಹಿಡಿದವನೂ ನೋಡಿಯೇ ಹಾಕುತ್ತಾನೆ. ದೊರೆಸಾನಿ ಮಾತ್ರ ಏನನ್ನೂ ನೋಡುವುದಿಲ್ಲ. ಸಾಮಾನು ಒಣಗಿದೆ ಎಂದೇ ನಂಬಿ ಗುರುತಿನಷ್ಟು ನೀರು ಸುರಿಯುತ್ತದೆ.

ಪರೀಕ್ಷೆಯ ಹಿಂದಿನ ಸಂಜೆ ಅವನು ಜಲ್ಲಿಯ ಗುಡ್ಡೆಯನ್ನು ಇಳಿಜಾರಿನ ಮೇಲ್ಭಾಗಕ್ಕೆ ಹಾಕಿಸಿದ, ಮರಳಿನ ಗುಡ್ಡೆಯನ್ನು ಅದರ ಬುಡಕ್ಕೆ. ಬೆಳಿಗ್ಗೆ ಸಾಹೇಬ ಬರುವ ಮೊದಲೇ, "ಜಲ್ಲಿಗೆ ನೀರು ಕುಡ್ಸ್ರಮ್ಮ" ಎಂದ. ಎರಡು ಕೊಡವಲ್ಲ, ಮೂವತ್ತು ಕೊಡ. ಕಗ್ಗಲ್ಲು ಬೇಡವೆಂದದ್ದನ್ನೆಲ್ಲ ಕೆಳಗಿನ ಮರಳು ಕುಡಿಯಿತು. ಎಂಟು ಗಂಟೆಯ ಬಿಸಿಲಿಗೆ ಎರಡೂ ಗುಡ್ಡೆಗಳ ಮೇಲ್ಮೈ ಬೆಳ್ಳಗಾಗಿ, ಏನೂ ನಡೆದೇ ಇಲ್ಲವೆಂಬಂತೆ ನಿಂತಿದ್ದವು.

ಆಮೇಲಿನದನ್ನು ಬೈಲಪ್ಪ ಕೈಕಟ್ಟಿ ನಿಂತು ನೋಡಿದ. ಅಕ್ಕಯಮ್ಮ ಸಲಿಕೆಯಲ್ಲಿ ಒಮ್ಮೆ ಮಗುಚಿದವಳೇ, "ಮರಳು ಒದ್ದೆ ಐತೆ, ನೀರು ಸಾಕು" ಎಂದು ಒಂದು ಕೊಡ ಹಾಗೇ ಉಳಿಸಿದಳು. ಬಸುರಿಯ ಬಕೆಟ್ಟಿನವನೂ ಅರ್ಧ ಬಕೆಟ್ಟು ಬಿಟ್ಟ. ಮುನಾವರ್ ಸಾಹೇಬ ಹೇಳಿದ ಗುರುತಿಗೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನೀರು ನಿಲ್ಲಿಸಿ ಹಿಡಿ ಎಳೆದ. ಡ್ರಮ್ಮಿನಿಂದ ಕಾಂಕ್ರೀಟು ಗಂಜಿಯಂತೆ ಸುರಿಯಿತು. ಹುಡುಗ ಒಂದು ಕ್ಷಣ ಗಾಜನ್ನು ನೋಡಿದ, ಗಂಜಿಯನ್ನು ನೋಡಿದ, ಮತ್ತೆ ಗಾಜನ್ನು ನೋಡಿದ. ಆ ಮುಖ ಬೈಲಪ್ಪನಿಗೆ ಇಡೀ ಜನ್ಮಕ್ಕೆ ಅಂಟಿಕೊಂಡಿತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಅವನು ಹೇಳಲಿಲ್ಲ.

ಇಪ್ಪತ್ತೆಂಟು ದಿನ ಕಳೆದು ಅಚ್ಚಿನ ಗಟ್ಟಿಗಳನ್ನು ಒಡೆದಾಗ ಹೆಂಗಸರ ಕೈ ಗೆದ್ದಿತ್ತು. ಬಸುರಿ ಅದಕ್ಕೆ ಸ್ವಲ್ಪವೇ ಹಿಂದೆ. ದೊರೆಸಾನಿಯ ಗಟ್ಟಿ ಅರ್ಧ ಭಾರಕ್ಕೇ ಪುಡಿ. ಸಾಹೇಬ ಎಲ್ಲರ ಮುಂದೆ ಬೈಲಪ್ಪನನ್ನು ಕೇಳಿದ: ಮೂರಕ್ಕೂ ಸಾಮಾನು ಒಂದೇ ಇತ್ತೇ?

"ಒಂದೇ ಗುಡ್ಡೆ ಸ್ವಾಮಿ" ಎಂದ ಬೈಲಪ್ಪ. ಮಾತು ನಿಜ. ಅದಕ್ಕಿಂತ ದೊಡ್ಡ ಸುಳ್ಳನ್ನು ಅವನು ಆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ.

ತಪ್ಪು ಮುನಾವರನ ತಲೆಗೆ ಬಂತು. ಚಾಂದ್ ಪಾಷಾ ನಲವತ್ತು ಹೆಂಗಸರ ಎದುರಿಗೇ, "ನೀರಿನ ಅಳತೆ ಬರದವನ ಕೈಗೆ ಮಷೀನು ಕೊಟ್ಟು ನನ್ನ ಮಾನ ಹೋಯ್ತು" ಎಂದು ಬೈದು ಅಟ್ಟಿದರು. ಹುಡುಗ "ಗಾಜಿನ ಗುರುತು ಸರಿಯಾಗೇ ಇಟ್ಟಿದ್ದೆ ಅಂದ್ಕೊಂಡಿದ್ದೆ, ಮೇಸ್ತ್ರಿಗಳೇ" ಎಂದು ಬೈಲಪ್ಪನಿಗೆ ಮಾತ್ರ ಹೇಳಿ, ಕೊಳವೆ ಒರೆಸುವ ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟುಹೋದ. ದಂಡಿನ ಕಂಟ್ರಾಕ್ಟರುಗಳೆಲ್ಲ ಒಬ್ಬರಿಗೊಬ್ಬರು ಬೇಕಾದವರು. ವಾರದೊಳಗೆ ಬ್ಲಾಕ್‌ಪಲ್ಲಿಯಿಂದ ಹಲಸೂರಿನವರೆಗೆ ಮುನಾವರ್ ನೀರಿನ ಅಳತೆ ತಿಳಿಯದವನು ಎಂದಾಯಿತು.

ಹೆಂಗಸರು ಬೈಲಪ್ಪನಿಗೆ ಎಲೆ ಅಡಿಕೆ ತಂದುಕೊಟ್ಟರು. ಅವನಿಗೆ ಅದನ್ನು ಜಗಿಯಲಾಗಲಿಲ್ಲ. ಜಲ್ಲಿಗೆ ನೀರು ಹಾಕುವುದು ಹಿರಿಯರ ಪದ್ಧತಿ, ನಾನೇನು ಹೊಸದಾಗಿ ಮಾಡಿದೆನೇ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಒಳಗಿನಿಂದ ಒಂದು ದನಿ ಕೇಳುತ್ತಿತ್ತು: ಮೂವತ್ತು ಕೊಡವೇ? ಇಳಿಜಾರಿನ ಮೇಲೆಯೇ? ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡರಂತೆ. ಇವನನ್ನು ಯಾರೂ ಕಳ್ಳನೆನ್ನದಿದ್ದರೂ ದಿನಾ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ನಾಲ್ಕೇ ನಾಲ್ಕು ತಿಂಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಸಾಹೇಬನಿಗೆ ಮತ್ತೆ ಅವಸರವಾಗಿ ಬಸುರಿಯಂಥವನ್ನೇ ಮೂರು ತರಿಸಿದ, ಆಳುಗಳು ಹದಿನೈದಕ್ಕಿಳಿದರು. ನಾಲ್ಕು ತಿಂಗಳ ಗಂಜಿಗೆ ಒಬ್ಬನ ಹೆಸರನ್ನು ಮಾರಿದಂತಾಯಿತು.

ಯುದ್ಧ ಮುಗಿಯಿತು. ನಲವತ್ತಾರರಲ್ಲಿ ಬೈಲಪ್ಪ ಕುಕ್ ಟೌನಿನಲ್ಲಿ ಹಳೆಯ ಬಂಗಲೆಯೊಂದರ ತಾರಸಿ ತೆಗೆದು ಹೊಸದಾಗಿ ಹಾಕಿಸುತ್ತಿದ್ದ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಯಾರೋ ಬಂದು ನಿಂತರು. ಕೆನ್ನೆ ಇಳಿದು ಗಡ್ಡ ಬೆಳೆದಿದ್ದರಿಂದ ಗುರುತು ಸಿಗಲು ತಡವಾಯಿತು.

"ನೀರು ಹೊರೋ ಕೆಲ್ಸ ಆದ್ರೂ ಸರಿ, ಮೇಸ್ತ್ರಿಗಳೇ" ಎಂದ ಮುನಾವರ್. "ಮಷೀನು ಕೇಳ್ತಿಲ್ಲ. ಅದು ನನಗೆ ಬರೋದಿಲ್ಲ."

ಬೈಲಪ್ಪ ಆಗಲೇ ಸೇರಿಸಿಕೊಂಡ. ಬೇಡವೆಂದರೂ ಟೀ ತರಿಸಿಕೊಟ್ಟ, ನೆರಳಿನ ಕಡೆಯ ಕೆಲಸ ಕೊಟ್ಟ, ಎರಡು ಸಲ ನೀರಿಗೆ ಕರೆಯಬೇಕಾದಲ್ಲಿ ಒಂದೇ ಸಲ ಕರೆದ. ಮುಖ ಮಾತ್ರ ನೋಡಲಿಲ್ಲ. ಮುನಾವರ್ ಹೆಗಲ ಮೇಲಿನ ಅಡ್ಡೆಯ ಎರಡೂ ತುದಿಗೆ ಸೀಮೆಎಣ್ಣೆ ಡಬ್ಬ ಕಟ್ಟಿ ಬಾವಿಯಿಂದ ನೀರು ಹೊತ್ತ. ತಾರಸಿಯದು ಸುಣ್ಣದ ಗಾರೆ, ಆದ್ದರಿಂದ ದಿನಾ ಬೆಳಿಗ್ಗೆ ಇಟ್ಟಿಗೆ ಜಲ್ಲಿಗೆ ನೀರು ಕುಡಿಸುವುದು ಅವನ ಪಾಲಿಗೇ ಬಂತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಮೆಟ್ಟಿಲ ಬದಿಯ ಒಂದು ತೊಲೆಗೆಂದು ಕಗ್ಗಲ್ಲಿನ ಜಲ್ಲಿಯೂ ಬಂದು ಬಿದ್ದಿತ್ತು. ಮುನಾವರ್ ಇಟ್ಟಿಗೆ ಜಲ್ಲಿಗೆ ನೀರು ಸುರಿದು ಡಬ್ಬ ಕೆಳಗಿಟ್ಟ. ತಾರಸಿಯ ಮೇಲೆ ಗಾರೆ ಕುಟ್ಟುತ್ತಿದ್ದ ಅಕ್ಕಯಮ್ಮ ಕೂಗಿದಳು. ಅವಳ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ.

"ಆ ಕಲ್ ಜಲ್ಲಿಗೂ ಹಾಕ್ಬಿಡೋ! ಬೈಲಣ್ಣ ಆವತ್ತು ಉಗ್ರಾಣದತ್ರ ಮೂವತ್ ಕೊಡ ಹೊರ್ಸಿದ್ರು, ನನ್ ಸೊಂಟ ಇನ್ನೂ ಮರೆತಿಲ್ಲ."

"ಯಾವತ್ತು?" ಎಂದ ಮುನಾವರ್.

"ಅದೇ ಕಣೋ, ನಿನ್ ದೊರೆಸಾನಿ ಸೋತ ದಿನ."

ಮುನಾವರ್ ಕಗ್ಗಲ್ಲಿನ ಗುಡ್ಡೆಯ ಹತ್ತಿರ ಹೋಗಿ ಒಂದು ಕಲ್ಲು ಎತ್ತಿಕೊಂಡ. ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿದ. ಹನಿ ಒಳಕ್ಕಿಳಿಯದೆ ಹೊರಗೇ ನಿಂತಿತು. ಕಲ್ಲನ್ನು ಕೈಯಲ್ಲೇ ಹಿಡಿದು ಅವನು ಬೈಲಪ್ಪನ ಹತ್ತಿರ ಬಂದ.

"ಮೇಸ್ತ್ರಿಗಳೇ, ಪದ್ಧತಿ ಅಂತ ಹಾಕ್ಸಿದ್ರಾ, ಗೊತ್ತಿದ್ದೂ ಹಾಕ್ಸಿದ್ರಾ?"

ಹುಡುಗ ತಾನಾಗಿಯೇ ಬಾಗಿಲು ತೆರೆದು ಹಿಡಿದಿದ್ದ. ಪದ್ಧತಿ ಎಂದರೆ ಮುಗಿಯುತ್ತಿತ್ತು. ಮೂರು ವರ್ಷ ಬಾಯಿಪಾಠ ಮಾಡಿಕೊಂಡ ಮಾತು ನಾಲಗೆಯ ತುದಿಗೂ ಬಂತು.

"ಗೊತ್ತಿದ್ದೂ" ಎಂದ ಬೈಲಪ್ಪ. "ಇವರ ಕೆಲ್ಸ ಹೋಗ್ತದೆ ಅಂತ."

ತಾರಸಿಯ ಮೇಲೆ ಕುಟ್ಟಣಿಗಳ ಸದ್ದು ನಿಂತಿತು. ಮುನಾವರ್ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಗುಡ್ಡೆಯ ಮೇಲಿಟ್ಟು, ಮುಖ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತ. ಅವನು ಅತ್ತದ್ದು ಸಿಟ್ಟಿಗಲ್ಲ. "ಅಳತೆ ಸರಿ ಇತ್ತು, ನನ್ನ ಅಳತೆ ಸರಿ ಇತ್ತು" ಎಂದು ಹೇಳಿಕೊಂಡೇ ಅತ್ತ. ಬೈದಿದ್ದರೆ, ಎರಡು ಹೊಡೆದಿದ್ದರೆ ಬೈಲಪ್ಪ ಬದುಕಿಕೊಳ್ಳುತ್ತಿದ್ದ. ಅಕ್ಕಯಮ್ಮ ಏಣಿ ಇಳಿದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಬೈಲಪ್ಪನ ಎದುರಿಗೆ ನಿಂತಳು.

"ನಮ್ ಹೆಸ್ರಲ್ಲಿ ಮಾಡ್ದೆ ಅಂತೀಯಲ್ಲಣ್ಣ, ನಾವು ಕೇಳಿದ್ವಾ? ಒಬ್ಬ ತಾಯಿ ಮಗನ್ನ ತುಳ್ದು ನಮಗೆ ಅನ್ನ ಹಾಕು ಅಂದಿದ್ವಾ? ನನ್ ಕೈಲೇ ಆ ನೀರು ಹೊರ್ಸಿದ್ಯಲ್ಲ."

ಮಾರನೆಯ ದಿನ ಬೈಲಪ್ಪ ಮುನಾವರನನ್ನು ಕರೆದುಕೊಂಡು ಚಾಂದ್ ಪಾಷಾ ಅವರ ಅಂಗಳಕ್ಕೆ ಹೋದ. ಪಾಷಾ ಈಗ ಇನ್ನಷ್ಟು ದೊಡ್ಡವರಾಗಿದ್ದರು. ಸೈನ್ಯದವರು ಬಿಟ್ಟುಹೋದ ಸಾಮಾನಿನ ಹರಾಜಿನಲ್ಲಿ ಏನೇನೋ ಹಿಡಿದು ತಂದು ಅಂಗಳದ ತುಂಬ ಪೇರಿಸಿದ್ದರು. ಅದರ ನಡುವೆ ಟೋಪಿ ಓರೆಯಾಗಿ, ತುಕ್ಕು ಹಿಡಿದು, ದೊರೆಸಾನಿಯೂ ನಿಂತಿದ್ದಳು.

ಬೈಲಪ್ಪ ನಿಂತಲ್ಲೇ ಎಲ್ಲ ಹೇಳಿದ. ಪಾಷಾ ಹುಬ್ಬುಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದರು.

"ಯಾವ ಪರೀಕ್ಷೆ ಮೇಸ್ತ್ರಿ? ಹಾಂ, ಆ ಮಷೀನುಗಳದ್ದಾ? ಯಾವನೋ ಒಬ್ಬ ಹುಡುಗ ಇದ್ದ, ಕೆಲ್ಸ ಬರ್ತಿರ್ಲಿಲ್ಲ ಅವನಿಗೆ. ಹೋಗ್ಲಿ ಬಿಡು, ಹಳೇ ಮಾತು."

"ಆ ಹುಡುಗ ನಾನೇ, ಸಾಬ್" ಎಂದ ಮುನಾವರ್.

ಪಾಷಾ ಅವನನ್ನು ನೋಡಿದರು. ಒಬ್ಬನ ಬದುಕನ್ನು ಒಂದು ಮಾತಿನಲ್ಲಿ ಕೆಡವಿದವರಿಗೆ ಆ ಮಾತೂ ನೆನಪಿರಲಿಲ್ಲ, ಮುಖವೂ ನೆನಪಿರಲಿಲ್ಲ. ಕೆಟ್ಟವರಲ್ಲ, ಮುಜುಗರಪಟ್ಟರು. ಏನು ಬೇಕು ಕೇಳು ಎಂದರು. ಮುನಾವರ್ ಕೇಳಿದ್ದು ಒಂದೇ: ದೊರೆಸಾನಿಯಲ್ಲಿ ಒಂದು ಸಲ, ಒಣ ಸಾಮಾನು ಹಾಕಿ ಕಲೆಸಬೇಕು.

ಎರಡು ದಿನ ಹಿಡಿದು ಅವನು ಎಂಜಿನ್ನು ಬಿಚ್ಚಿ ಜೋಡಿಸಿದ, ಒಡೆದ ಕೊಳವೆಗೆ ಬೇರೆ ಗಾಜು ಹಾಕಿದ. ಜಲ್ಲಿ, ಮರಳು ಎರಡನ್ನೂ ಬೈಲಪ್ಪನೇ ಬಿಸಿಲಿಗೆ ಹರಡಿ, ಕೈಯಾರೆ ಕೆದಕಿ ಕೆದಕಿ ಒಣಗಿಸಿದ. ಮುನಾವರ್ ಗುರುತಿಗೆ ನೀರು ನಿಲ್ಲಿಸಿ ಹಿಡಿ ಎಳೆದ. ಬಂದದ್ದನ್ನು ಬೈಲಪ್ಪ ಅಂಗೈಗೆ ತೆಗೆದುಕೊಂಡು ಉಂಡೆ ಕಟ್ಟಿದ. ಬೆರಳು ಸಡಿಲಿಸಿದರೂ ಉಂಡೆ ಹಾಗೇ ನಿಂತಿತು. ಅಷ್ಟು ಹದವಾದದ್ದನ್ನು ಅವನ ನಲವತ್ತು ಹೆಂಗಸರೂ ಕಲೆಸಿರಲಿಲ್ಲ. ಅದನ್ನು ಅವನು ಬಾಯಿಬಿಟ್ಟೇ ಹೇಳಿದ. ತುಂಬಲು ಬೇರೆ ಅಚ್ಚಿಲ್ಲದೆ ಸಿಮೆಂಟು ಅಳೆಯುವ ಮರದ ಪೆಟ್ಟಿಗೆಗೇ ತುಂಬಿದರು. ಇಪ್ಪತ್ತೆಂಟು ದಿನ ನೆನೆಸಿ ಪೆಟ್ಟಿಗೆ ಕಳಚಿದಾಗ, ಪಾಷಾ ಅವರ ಆಳು ದೊಡ್ಡ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ. ಆ ಕಾಂಕ್ರೀಟು ಕಲ್ಲಿನ ಮೂಲೆಯೂ ಮುಕ್ಕಾಗಲಿಲ್ಲ. ಆ ದಿನವೇ ಪಾಷಾ ದೊರೆಸಾನಿಯನ್ನು ಮುನಾವರನ ಕೈಗೆ ಒಪ್ಪಿಸಿದರು.

ಕಲ್ಲನ್ನು ಕೈಗಾಡಿಯಲ್ಲಿಟ್ಟು ಬೈಲಪ್ಪ, ಮುನಾವರ್ ಇಬ್ಬರೂ ತಳ್ಳಿಕೊಂಡು ಗಲ್ಲಿಗೆ ತಂದು ಇಮಾಮ್ ಬೀಯ ಬಾಗಿಲ ಪಕ್ಕ, ಬಂದವರು ಕೂರಲು ಆಗುವಂತೆ ಇಳಿಸಿದರು. ಗಲ್ಲಿಯ ತಿರುವಿನಲ್ಲೇ ಮುನಾವರ್, "ಅಮ್ಮಿಗೆ ಇದೆಲ್ಲ ಬೇಡ. ಮಷೀನಿನ ದೋಷ ಇತ್ತು ಅಂದ್ರಾಯ್ತು" ಎಂದಿದ್ದ. ಬೈಲಪ್ಪ ತಲೆ ತಗ್ಗಿಸಿ ಒಪ್ಪಿಕೊಂಡಿದ್ದ. ಶಿಕ್ಷೆ ತಪ್ಪಿತೆಂದುಕೊಂಡಿದ್ದರೆ ಅದು ಅವನ ತಿಳಿಗೇಡಿತನ.

ಏಕೆಂದರೆ ಹಲಸೂರಿನಿಂದ ಬ್ಲಾಕ್‌ಪಲ್ಲಿಯ ಮಾರ್ಕೆಟ್ಟಿಗೆ ಅವನ ದಾರಿ ಆ ಗಲ್ಲಿಯೇ. ಇಮಾಮ್ ಬೀ ಬಾಗಿಲಲ್ಲಿ ಕೂತು ಗುಂಡಿ ಹೊಲಿಯುತ್ತಿರುತ್ತಿದ್ದಳು. ಅವನನ್ನು ಕಂಡೊಡನೆ, "ಬಾ ಬಾಬಾ, ಕೂತ್ಕೋ. ನನ್ನ ಮಗನ ಕಲ್ಲು, ಅಲ್ಲಾಡಲ್ಲ" ಎಂದು ಕರೆಯುತ್ತಿದ್ದಳು. ಟೀ ಕೊಡುತ್ತಿದ್ದಳು. ಬೈಲಪ್ಪ ನಿಂತುಕೊಂಡೇ ಕುಡಿಯುತ್ತಿದ್ದ. ಒಂದು ದಿನ ಅವಸರವೆನ್ನುತ್ತಿದ್ದ, ಒಂದು ದಿನ ಪಂಚೆಗೆ ಸುಣ್ಣ ಹತ್ತಿದೆ ಎನ್ನುತ್ತಿದ್ದ, ಒಂದು ದಿನ ಸೊಂಟ ಹಿಡಿದಿದೆ, ಕೂತರೆ ಏಳಲಾಗದು ಎನ್ನುತ್ತಿದ್ದ. ಗಲ್ಲಿ ಬಿಟ್ಟು ಸುತ್ತು ದಾರಿ ಹಿಡಿಯಬಹುದಿತ್ತು. ಹಾಗೆ ಮಾಡಲೂ ಮನಸ್ಸು ಒಪ್ಪಲಿಲ್ಲ. ಎಂಟು ತಿಂಗಳು ಹೀಗೇ ನಡೆಯಿತು.

ಒಂದು ಶುಕ್ರವಾರ ಮಧ್ಯಾಹ್ನ ಇಮಾಮ್ ಬೀ ಎಂದಿನಂತೆ ಕೂತ್ಕೋ ಎಂದಳು. ಬೈಲಪ್ಪ ಟೀ ಲೋಟವನ್ನು ಹೊಸ್ತಿಲ ಮೇಲಿಟ್ಟ.

"ಅಮ್ಮಾ, ಆವತ್ತು ಮಷೀನಿನ ದೋಷ ಇರ್ಲಿಲ್ಲ. ನಿಮ್ಮ ಮಗನ್ದೂ ಇರ್ಲಿಲ್ಲ. ಸಾಮಾನಿಗೆ ನೀರು ಬಿಟ್ಟೋನು ನಾನು. ಗೊತ್ತಿದ್ದೇ ಬಿಟ್ಟೆ."

ಇಮಾಮ್ ಬೀ ಹೊಲಿಯುತ್ತಿದ್ದ ಗುಂಡಿಗೆ ಮೂರು ಸುತ್ತು ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದಳು.

"ಮಾಲೂಮ್" ಎಂದಳು. "ಕಲ್ಲು ತಂದ ರಾತ್ರೀನೇ ಮುನಾವರ್ ಹೇಳ್ದ. ನನ್ನ ಹತ್ರ ಅವನು ಏನ್ ಮುಚ್ತಾನೆ? ನೀನು ಹೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ."

ಬೈಲಪ್ಪ ಹೆಗಲ ವಸ್ತ್ರ ತೆಗೆದು ಕೈಯಲ್ಲಿ ಹಿಡಿದ.

"ಮೂರು ವರ್ಷ ನನ್ನ ಮಗ ಈ ಗಲ್ಲೀಲಿ ತಲೆ ಬಗ್ಗಿಸ್ಕೊಂಡು ನಡ್ದ. ಅದನ್ನ ನಾನು ಮಾಫ್ ಮಾಡಲ್ಲ. ಮಾಡ್ದೆ ಅಂತ ಸುಳ್ಳು ಹೇಳೋದೂ ಇಲ್ಲ." ಅವಳು ಇನ್ನೊಂದು ಗುಂಡಿಯನ್ನು ಕೈಗೆತ್ತಿಕೊಂಡಳು. "ಆದ್ರೆ ಎಂಟು ತಿಂಗಳು ನಿಂತ್ಕೊಂಡಿದ್ದೀಯ. ಸಾಕು. ಈಗ ಕೂತ್ಕೋ, ಟೀ ಆರೋಗ್ತದೆ."

ಬೈಲಪ್ಪ ಕೂತ. ಬಿಸಿಲಿಗೆ ಕಲ್ಲು ಚೆನ್ನಾಗಿ ಕಾದಿತ್ತು. ಅವನು ಏಳಲಿಲ್ಲ.